ಪಾವುಗಲ್ಲಿನ ಪಕ್ಕದ ಕನ್ನಡ ಫಲಕ

ಸಭೆಯ ಅಧ್ಯಕ್ಷರಾದ ಮೋಹನ್‌ರಾಜ್ ಅವರೇ, ಈಗಷ್ಟೇ ಫಲಕದ ಪರದೆ ಸರಿಸಿದ ವಿನೋದಿನಿ ಮೇಡಂ ಅವರೇ, ಬೋಂಡಾ ಮುಗಿದ ಮೇಲೂ ಎದ್ದು ಹೋಗದೆ ಕುಳಿತಿರುವ ನಮ್ಮ ನೇಕಾರರ ಬೀದಿಯ ಸಭಿಕರೇ,

ಈ ಪಾವುಗಲ್ಲಿನ ಮಹತ್ವವನ್ನು ನಿಮಗೆ ಹೇಳಬೇಕೆ? ನಮ್ಮ ತಾತಂದಿರು ನಸುಕಿನಲ್ಲೇ ನೂಲಿನ ಹಾಸನ್ನು, ಅಂದರೆ ಪಾವನ್ನು, ಬೀದಿಯುದ್ದಕ್ಕೂ ಎಳೆದು, ಈ ಕಲ್ಲಿಗೇ ಕಟ್ಟಿ ಗಂಜಿ ಹಚ್ಚುತ್ತಿದ್ದರು. ಇಂದು ಇದಕ್ಕೆ ಬೈಕುಗಳು ಒರಗುತ್ತವೆ. ಕೊಯಮತ್ತೂರಿನಲ್ಲಿ ಕನ್ನಡ ನೇಕಾರರಾದ ನಮ್ಮ ಗುರುತು ಬೇರೆ ಏನಿದೆ? ಅದಕ್ಕೇ ತಮಿಳು, ಇಂಗ್ಲಿಷ್ ಫಲಕಗಳ ಜೊತೆಗೆ ಕನ್ನಡದ್ದೂ ಬೇಕೆಂದು ಸಂಘದಲ್ಲಿ ಜಗಳವಾಡಿದವನು ನಾನು. ಆ ಫಲಕವನ್ನು ಇಲ್ಲಿ ನಿಲ್ಲಿಸುವ ಹೊಣೆ ಹೊತ್ತವನೂ ನಾನು.

ಪರದೆ ಸರಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮೇಡಂ ಮಾತ್ರ ಕತ್ತು ಓರೆ ಮಾಡಿದರು. ಮೈಸೂರಿನಿಂದ ಬಂದು ಪೀಳಮೇಡಿನ ಕಾಲೇಜಿನಲ್ಲಿ ಪಾಠ ಹೇಳುವವರು, ಬಸ್ಸಿನಲ್ಲಿ ಕತ್ತು ಉಳುಕಿರಬೇಕು ಎಂದುಕೊಂಡೆ. ಅವರು ನನ್ನ ಕಿವಿಯಲ್ಲಿ, “ಸರ್, ಕನ್ನಡ ಫಲಕ ತಲೆಕೆಳಗಾಗಿದೆ” ಎಂದರು.

ತಪ್ಪು ಯಾರದು? ಗಾರೆ ಕೆಲಸದ ಮಾರಿಮುತ್ತುವಿನದು ಎಂದು ಹೇಳಲೆಂದೇ ನಾನು ಮೈಕ್ ಹಿಡಿದೆ. ಆದರೆ ಪಾಪ, ಅವನು ಕೇಳಿಯೇ ಕೇಳಿದ್ದ, “ಅಯ್ಯಾ, ಇದುಲ ಮೇಲ್ ಪಕ್ಕಂ ಎದುಂಗ?” ಎಂದು. ಮೇಲುಗಡೆ ಯಾವುದೆಂದು ಕೇಳಿದರೆ ಕನ್ನಡ ಸಂಘದ ಕಾರ್ಯದರ್ಶಿ ಗೊತ್ತಿಲ್ಲ ಎನ್ನಲಾದೀತೆ? ಅಕ್ಷರಗಳ ಒಂದು ಕಡೆ ಚಾಚಿಕೊಂಡದ್ದು ಕಾಲು ಎಂದು ನನಗೆ ತೋರಿತು. ಕಾಲಿಲ್ಲದೆ ಯಾವುದು ತಾನೆ ನಿಲ್ಲುತ್ತದೆ? ಕೈ ತೋರಿಸಿಬಿಟ್ಟೆ. ಅದು ತಲೆಕಟ್ಟಂತೆ, ಮೇಡಂ ಈಗ ಹೇಳಿದರು.

ನನ್ನ ಹೆಂಡತಿ ಪಳನಿಯಮ್ಮಾಳ್ ಅಂದೇ, “ತಿಳೀದಿದ್ರೆ ಯಾರ್ನಾದ್ರೂ ಕೇಳ್ರಿ, ಅದ್ರಲ್ಲಿ ಏನು ವೆಕ್ಕಂ?” ಎಂದಳು. ನಾಚಿಕೆ ಬಿಟ್ಟರೂ ಯಾರನ್ನು ಕೇಳಲಿ? ಈ ಬೀದಿಯಲ್ಲಿ ಕನ್ನಡ ಆಡುವವರೇ ಎಲ್ಲ, ಓದುವವರು ಯಾರು? ಪರದೆ ಹಾಕುವ ಮೊದಲು ಒಂದು ವಾರ ಅದು ಬಯಲಲ್ಲೇ ನಿಂತಿತ್ತು. ನೀವೆಲ್ಲ ಸೆಲ್ಫಿ ತೆಗೆದುಕೊಂಡಿರಿ. ಒಬ್ಬರಾದರೂ ಬಾಯಿ ಬಿಟ್ಟಿರಾ? ಅಧ್ಯಕ್ಷರಂತೂ ಅಕ್ಷರ ಬಲು ಮುದ್ದಾಗಿವೆ ಎಂದು ನನ್ನ ಬೆನ್ನು ತಟ್ಟಿದರು! ಕ್ಷಮಿಸಿ, ಅಧ್ಯಕ್ಷರೇ. ನನ್ನ ಕೈಯಲ್ಲಿರುವ ಈ ಕನ್ನಡ ಭಾಷಣವನ್ನೂ ತಮಿಳು ಅಕ್ಷರದಲ್ಲೇ ಬರೆದುಕೊಂಡಿದ್ದೇನೆ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿ ತಪ್ಪಿ ಬಂತು.

ನನ್ನ ಮೊಮ್ಮಗಳು ಜನನಿ ಮನೆಯಲ್ಲಿ ಕನ್ನಡದಲ್ಲಿ ಜಗಳವಾಡುತ್ತಾಳೆ. ಉಳಿದದ್ದೆಲ್ಲ ತಮಿಳು. ನಾಳೆ ಆ ಜಗಳವೂ ನಿಂತರೆ?

ಅಗೋ, ಮಾರಿಮುತ್ತು ಆಗಲೇ ಉಳಿ ಸುತ್ತಿಗೆ ತಂದಿದ್ದಾನೆ. ಇರಪ್ಪಾ, ಈಗ ತಿರುಗಿಸಬೇಡ. ಮೇಡಂ, ಭಾನುವಾರದ ಸಂಜೆ ಇದೇ ಮಂಟಪದಲ್ಲಿ ನಮಗೆ ಅಕ್ಷರ ಕಲಿಸುವಿರಾ? ಮೊದಲ ಸಾಲಿನಲ್ಲಿ ನಾನು, ಜನನಿ ಕೂರುತ್ತೇವೆ. ಅಧ್ಯಕ್ಷರೂ ಬರುತ್ತಾರೆ, ಬರಲೇಬೇಕು. ನಮ್ಮಲ್ಲಿ ಒಬ್ಬರಾದರೂ ಆ ಫಲಕವನ್ನು ತಲೆಕೆಳಗಾಗಿಯೇ ಪೂರ್ತಿ ಓದಿ ಮುಗಿಸಲಿ. ನೇರ ಮಾಡುವುದು ಆ ದಿನ. ಅಲ್ಲಿಯವರೆಗೆ ದಾರಿಹೋಕರು ನಗಲಿ.

ಬೈಯದೆ ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ.