ಬತ್ತಿದ ಬಾವಿಯ ಪಾಳಿ

ನಗುವವರು ಈಗಲೇ ನಕ್ಕುಬಿಡಿ, ನಡುವೆ ನಗಬೇಡಿ. ಇದು ನನ್ನ ಸೋದರತ್ತೆಯ ಮಗ ಗೊಲ್ಲಾಳಪ್ಪನಿಗೆ ಆದದ್ದು. ಸೋನ್ಯಾಳದಿಂದಾಚೆ, ಹೊಲಗಳ ನಡುವಿನ ಅವನ ವಸ್ತಿಯ ದಾರಿಯಲ್ಲಿ, ಹೋದ ಚಳಿಗಾಲ.

ಆ ರಾತ್ರಿ ಅವನು ಊರಿನ ಸಭೆಯಿಂದ ಉರಿಯುತ್ತಲೇ ಮನೆಗೆ ಹೊರಟಿದ್ದ. ನೌಕಾದಳದಲ್ಲಿ ಹಡಗಿನ ಇಂಜಿನ್ ನೋಡಿಕೊಂಡು ಪಿಂಚಣಿಗೆ ಬಂದವನು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಲ್ಲಿ ಅವನ ಸಮುದ್ರವನ್ನು ಯಾರು ಕೇಳಬೇಕು? "ಯಾವ ಬಾರ್ಡರಿನ್ಯಾಗ ಇದ್ದಿ?" ಎನ್ನುತ್ತಾರೆ. ನೀರಿನ್ಯಾಗ ಎಂದರೆ, "ಮೀನ ಹೊಡದಿ ಏನ?" ಎಂದು ನಗುತ್ತಾರೆ. ಅದನ್ನೆಲ್ಲ ಅವನು ನುಂಗಿಕೊಂಡಿದ್ದ. ರೇವಣ್ಣ ಕಾಕಾನ ಬಗ್ಗೆ ಸಭೆಯಲ್ಲಿ ಆಡಿದ ಮಾತು ಮಾತ್ರ ನುಂಗಲಾಗಲಿಲ್ಲ.

ಆ ವಸ್ತಿಯಿಂದ ಮೊದಲು ಹಡಗು ಹತ್ತಿದವನು ರೇವಣ್ಣ. ಎಪ್ಪತ್ತೊಂದರ ಯುದ್ಧದಲ್ಲಿ ಹಡಗು ಮುಳುಗುವಾಗ, ಬದಲಿಯವ ಬಾರದೆ ಪಾಳಿ ಬಿಡುವುದಿಲ್ಲ ಎಂದು ಕೆಳಗೆ ಪಂಪಿನ ಮುಂದೆಯೇ ನಿಂತನಂತೆ. ಅಷ್ಟರಲ್ಲಿ ಮೇಲಿದ್ದ ಎಷ್ಟೋ ಜನ ಪಾರಾದರು. ಬದುಕಿ ಬಂದವನೊಬ್ಬ ಮುಂಬೈಯಲ್ಲಿ ಗೊಲ್ಲಾಳಪ್ಪನಿಗೆ ಹೇಳಿದ್ದ. ಹೆಣ ಬರಲಿಲ್ಲ. ಹೆಣವಿಲ್ಲದೆ ಮಣ್ಣು ಕೊಡುವುದು ಹೇಗೆ? ಹಾಗಾಗಿ ಊರು ಅವನನ್ನು ಸತ್ತವನೆಂದೂ ಒಪ್ಪಲಿಲ್ಲ. ತಂಗಿ ಅಕ್ಕವ್ವನಂತೂ, ಅಣ್ಣ ಬಂದಾನು ಎಂದು, ಅಂದಿನಿಂದ ಒಂದು ರಾತ್ರಿಯೂ ಬಾಗಿಲಿಗೆ ಅಗಳಿ ಹಾಕಿದವಳಲ್ಲ.

ಈಗ ತರುಣ ಮಂಡಳದವರು ಹುತಾತ್ಮರ ಹೆಸರಿನ ಕಲ್ಲು ನಿಲ್ಲಿಸುತ್ತಿದ್ದರು. ಆ ಸಭೆಯಲ್ಲಿ ಮಂಡಳದ ಹಿರಿಯ ಶ್ರೀಶೈಲಪ್ಪ ಕಡ್ಡಿ ಮುರಿದಂತೆ ಹೇಳಿದ: "ಮಣ್ಣಾಗದಾಂವನ ಹೆಸರು ಬರಂಗಿಲ್ಲ. ಮುಂಬೈದಾಗ ಸಂಸಾರ ಹೂಡ್ಯಾನೋ ಏನೋ, ಯಾರು ನೋಡ್ಯಾರ?"

"ಮುಳುಗಿದಾಂವಗ ಮಣ್ಣು ಎಲ್ಲಿಂದ ತರೂದ್ರಿ?" ಎಂದು ಗೊಲ್ಲಾಳಪ್ಪ ಕೂಗಾಡಿದ.

"ಈಸು ಬರಲಾರದಾಂವ ಹಡಗ ಯಾಕ ಹತ್ತಿದ?" ಎಂದ ಹಿಂದಿನಿಂದ ಒಬ್ಬ. ಸಭೆಗೆ ಸಭೆಯೇ ನಕ್ಕಿತು.

ದಾರಿಯಲ್ಲಿ ಹಳೆಯ ಮೆಟ್ಟಿಲ ಬಾವಿ. ಬತ್ತಿ ಎಷ್ಟೋ ವರ್ಷವಾಗಿದೆ, ತಳದಲ್ಲಿ ಜಾಲಿ ಬೆಳೆದಿದೆ. ಅದನ್ನು ದಾಟುವಾಗ...

ಟಣ್ ಟಣ್... ಟಣ್ ಟಣ್... ಟಣ್ ಟಣ್... ಟಣ್ ಟಣ್...

ಗುಡಿಯ ಗಂಟೆ ಹಾಗೆ ಬಾರಿಸುವುದಿಲ್ಲ. ಜೋಡಿ ಜೋಡಿಯಾಗಿ ಬಾರಿಸುವುದು ಹಡಗಿನಲ್ಲಿ, ಪಾಳಿ ಬದಲಾಗುವಾಗ. ಮಂಡಳದ ಹುಡುಗರ ಚೇಷ್ಟೆ ಎಂದುಕೊಂಡು ಗೊಲ್ಲಾಳಪ್ಪ ಬಾಯಿಗೆ ಬಂದಂತೆ ಬೈದ. ಬಾವಿಯೊಳಗೆ ಚಪ್... ಚಪ್... ನೀರು ಗೋಡೆಗೆ ಬಡಿಯುವ ಸದ್ದು. ಬತ್ತಿದ ಬಾವಿಯಲ್ಲಿ! ಕಾದ ಇಂಜಿನ್ ಎಣ್ಣೆಯ ವಾಸನೆ ಮೇಲೆ ಬಂತು. ಅದರ ಹಿಂದೆ ಒಂದು ಪಿಸುದನಿ.

"ಬದಲಿ ಬಂತೇನಪಾ?"

ಬೈಗುಳ ಬಾಯಲ್ಲೇ ಒಣಗಿತು. "ಯಾ... ಯಾರ್ರೀ?"

"ರೇವಣ್ಣ. ಇನ್ನಾ ಯಾರೂ ಬರಲಿಲ್ಲ... ಎಷ್ಟೊತ್ತಂತ ನಿಂದರ್ಲಿ?"

ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು ಎನ್ನುತ್ತಾನೆ ಅವನು. ಊರಿನ ಮೇಲೆ, ಆ ಕಲ್ಲಿನ ಮೇಲೆ, ಇಷ್ಟು ವರ್ಷ ಒಬ್ಬ ಬದಲಿಯವನನ್ನೂ ಕಳಿಸದ ಎಲ್ಲರ ಮೇಲೆ. ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ.

"ಕಾಕಾ, ಪಾಳಿ ನಾ ತಗೊಂಡೇನ್ರಿ. ನೀವು ಮನಿಗಿ ಹೋಗ್ರಿ."

ಆಮೇಲೆ ಪಚಕ್... ಪಚಕ್... ಒದ್ದೆ ಬೂಟುಗಳು ಮೆಟ್ಟಿಲು ಹತ್ತಿದವು. ಅವನ ತೋಳಿಗೆ ತಾಗುವಷ್ಟು ಹತ್ತಿರ ಹಾದು ವಸ್ತಿಯ ಕಡೆ ಹೋದವು. ಕಣ್ಣಿಗೆ ಯಾರೂ ಕಾಣಲಿಲ್ಲ. ಗೊಲ್ಲಾಳಪ್ಪ ಓಡಬಹುದಿತ್ತು. ಆದರೆ ಪಾಳಿ ತಗೊಂಡಿದ್ದನಲ್ಲ! ಬೆಳಗಾಗುವ ತನಕ ಹಲ್ಲು ಕಟಕಟಿಸುತ್ತ, ತನ್ನ ಬಾಯಿಯನ್ನು ತಾನೇ ಬೈದುಕೊಳ್ಳುತ್ತ, ಅಲ್ಲೇ ನಿಂತ.

ಬೆಳಕಾದ ಮೇಲೆ ಅಕ್ಕವ್ವನ ಮನೆಗೆ ಹೋದ. ಅಂಗಳದಲ್ಲಿ ಬೂಟಿನ ಗುರುತುಗಳು ಆರಿ ಬೆಳ್ಳಗಾಗಿದ್ದವು. ಬೆರಳಿಗೆ ಹಚ್ಚಿಕೊಂಡು ನೆಕ್ಕಿದ. ಉಪ್ಪು. ಒಳಗೆ ಹೋದ ಗುರುತುಗಳಷ್ಟೇ ಇದ್ದವು, ಹೊರಗೆ ಬಂದದ್ದು ಒಂದೂ ಇಲ್ಲ. ಬಾಗಿಲು ತಳ್ಳಿದ, ತೆರೆಯಲಿಲ್ಲ.

"ಅತ್ತೀ, ಇವತ್ತ ಅಗಳಿ ಯಾಕ ಹಾಕೀರಿ?"

"ಇನ್ನ ಬರೋರು ಯಾರದಾರಪಾ?" ಎಂದಿತು ಒಳಗಿನಿಂದ ಮುದುಕಿಯ ದನಿ. "ಎಲ್ಲಾರೂ ಒಳಗಽ ಅದೀವಿ."

ಕಲ್ಲಿನ ಮೇಲೆ ರೇವಣ್ಣನ ಹೆಸರು ಇವತ್ತಿಗೂ ಇಲ್ಲ. ಗೊಲ್ಲಾಳಪ್ಪ ಅದರ ಮುಂದೆ ಹಾಯುವಾಗಲೆಲ್ಲ ಬೈಯುತ್ತಾನೆ. ನೀವು ನಂಬಿ, ಬಿಡಿ. ಅಕ್ಕವ್ವನ ಮನೆಗೆ ರಾತ್ರಿಯಾದರೆ ಈಗ ಒಳಗಿನಿಂದ ಅಗಳಿ ಬೀಳುತ್ತದೆ. ನಾನೇ ಹೋಗಿ ತಳ್ಳಿ ನೋಡಿದ್ದೇನೆ.