ಒಳಗಿನಿಂದ ಕಬ್ಬಿಣ ಹಿಡಿದವನು

ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣವಿರಲಿಲ್ಲ. ಅಮೆರಿಕದ ಮೇನ್ ರಾಜ್ಯದ ಒಂದು ಸರೋವರದ ದಂಡೆಯಲ್ಲಿ, ದೋಣಿ ರಿಪೇರಿ ಮಾಡುವ ಮುದುಕಿ ಆಲ್ವೀನಾಳ ಕೊಟ್ಟಿಗೆಯಲ್ಲಿ, ಒಲೆಯ ಸುತ್ತ ನಾಲ್ವರು ಸೇರಿದ್ದರು: ಎಲ್ಡನ್, ಅವನ ಹೆಂಡತಿ ಮಾರ್ನಿ, ನೆನೆದು ಒಳಬಂದ ಇಬ್ಬರು ಮೀನುಗಾರರು. ಎಲ್ಡನ್‌ನ ಹಳೆಯ ದೋಣಿ ಮರದ ಕಾಲುಗಳ ಮೇಲೆ ಮಗುಚಿ ಮಲಗಿತ್ತು. ದೇವದಾರು ಹಲಗೆ, ಮೇಲೆ ಹಸಿರು ಕ್ಯಾನ್ವಾಸ್. ಅಣ್ಣ ಕೊಟ್ಟದ್ದು. ಶನಿವಾರ ಮಗಳನ್ನು ಕೂರಿಸಿಕೊಂಡು ಹೊಳೆಗಿಳಿಯಬೇಕೆಂದು ಎಲ್ಡನ್ ಬಣ್ಣ ಹೊಡೆಸಲು ತಂದಿದ್ದರೆ, ಆಲ್ವೀನಾ ಒಂದು ಮಗ್ಗುಲಿನ ಕ್ಯಾನ್ವಾಸನ್ನೇ ಬಿಚ್ಚಿಹಾಕಿದ್ದಳು.

"ಎಲ್ಲಾ ರಿಪೇರಿ ಮಾಡಿಸಿದೀನಿ ಅಂತ ಅಣ್ಣ ಆಣೆ ಮಾಡಿ ಹೇಳಿದಾನೆ ಅಜ್ಜಿ. ಬಿಚ್ಚೋದ್ಯಾಕಿತ್ತು?" ಎಲ್ಡನ್ ಗೊಣಗಿದ.

"ಆಣೆ ಬೇರೆ ಮಾಡಿದ್ನಾ? ಹಾಗಾದ್ರೆ ಬಿಚ್ಚಲೇಬೇಕಿತ್ತು." ಆಲ್ವೀನಾ ಒಲೆಗೆ ಸೌದೆ ತುರುಕಿ ಕೂತಳು. "ಮಳೆ ನಿಲ್ಲೋವರೆಗೆ ನೀವೆಲ್ಲಿಗೂ ಹೋಗಲ್ಲ. ಕೇಳ್ರಪ್ಪಾ...

"ನನ್ನ ಗಂಡ ಲೋರಿಂಗ್, ಪೇಟೆಯೋರನ್ನ ಹೊಳೆ ಮೇಲೆ ಕರ್ಕೊಂಡು ಹೋಗೋ ಗೈಡು. ಈ ಕೊಟ್ಟಿಗೆ ಆಗ ನನ್ನ ತಮ್ಮ ಆನ್ಸೆಲ್‌ದು. ಹಲಗೇನ ದೋಣಿ ಪಕ್ಕೆಲುಬಿಗೆ, ಅಂದ್ರೆ ಒಳಗಿನ ಬಾಗಿದ ಮರದ ಪಟ್ಟಿಗೆ, ಸೇರಿಸೋಕೆ ಇಬ್ಬರು ಬೇಕು. ಹೊರಗಿಂದ ಒಬ್ಬ ಹಿತ್ತಾಳೆ ಮೊಳೆ ಹೊಡೀಬೇಕು, ಒಳಗಿಂದ ಇನ್ನೊಬ್ಬ ಕಬ್ಬಿಣದ ಗಟ್ಟಿ ಅದುಮಿ ಹಿಡೀಬೇಕು, ಆಗ ಮೊಳೆ ತುದಿ ಮಡಚಿ ಮರಾನ ಕಚ್ಕೊಳ್ಳತ್ತೆ. ಹೊರಗೆ ಟಕ್ ಅಂದ್ರೆ ಒಳಗೆ ಟಿಣ್. ಹನ್ನೆರಡು ವರ್ಷ ತಮ್ಮನಿಗೆ ಕಬ್ಬಿಣ ಹಿಡಿದೋಳು ನಾನು.

"ಹೊಸ ಕ್ಯಾನ್ವಾಸ್ ಹೊದಿಸೋ ಮುಂಚೆ ದೋಣಿಯವನನ್ನ ಕರೆದು ಬರೀ ಮೈ ತೋರಿಸೋದು ನಮ್ಮಲ್ಲಿ ರೂಢಿ. ಅವನು ಒಂದೊಂದು ಪಕ್ಕೆಲುಬೂ ಒತ್ತಿ ನೋಡಿ ಹೂಂ ಅನ್ನಬೇಕು. ಒಂದು ವಸಂತದಲ್ಲಿ ಲೋರಿಂಗ್ ದೋಣಿ ರಿಪೇರಿಗೆ ಬಂತು... ಆನ್ಸೆಲ್ ಅವನನ್ನ ಕರೀಲೇ ಇಲ್ಲ. ನನಗೂ, 'ಇವತ್ತು ಮೊಳೆ ಕೆಲಸ ಇಲ್ಲ, ಮನೆಗೆ ಹೋಗಕ್ಕಾ' ಅಂದ. ಹೋಗಿ ನೋಡ್ಕೊಂಡು ಬರ್ಲಾ ಅಂತ ಲೋರಿಂಗ್ ಕೇಳ್ದ. ಆಗ ನಾನೇ... ಈ ಬಾಯಲ್ಲೇ... 'ನನ್ನ ತಮ್ಮನ ಕೆಲಸಾನ ಪರೀಕ್ಷೆ ಮಾಡ್ತೀಯಾ? ನಾಚಿಕೆ ಆಗಲ್ವಾ?' ಅಂದುಬಿಟ್ಟೆ. ಪಾಪ, ನೋಡೋಕೆ ಹೋಗಲೇ ಇಲ್ಲ.

"ಮುಂದಿನ ವಾರವೇ ಹೊಳೆ ತಿರುವಲ್ಲಿ ದೋಣಿ ಬಂಡೆಗೆ ಸವರಿದ್ದೇ ತಡ, ನಡು ಮುರೀತು. ಲೋರಿಂಗ್ ಹೆಣ ಸಿಗೋಕೆ ಮೂರು ದಿನ ಬೇಕಾಯ್ತು. ಮುರಿದ ದೋಣೀನ ಇಲ್ಲಿಗೇ ತಂದು ಹಾಕಿದ್ರು. ಕ್ಯಾನ್ವಾಸ್ ಹರಿದು ನೋಡ್ತೀನಿ... ಆರು ಪಕ್ಕೆಲುಬು ಕೊಳೆತು ಹಿಟ್ಟಾಗಿವೆ! ಬಿರುಕು ತುಂಬೋ ಪುಟ್ಟಿ ಮೆತ್ತಿ, ವಾರ್ನಿಷ್ ಬಳಿದು ಮುಚ್ಚಿದ್ದ ನನ್ನ ಒಡಹುಟ್ಟಿದವನು. ಕೇಳಿದ್ರೆ, ಬೇರೆಯವರ ಹೊಸ ದೋಣಿ ಮುಗಿಸೋ ಅವಸರವಂತೆ. ಯಾರೋ ಹೊರಗಿನವನು ಮಾಡಿದ್ರೆ ಬೈದು ಹಗುರಾಗ್ತಿದ್ದೆ. ಇವನನ್ನ ಎತ್ತಿ ಆಡಿಸಿದ್ದೆನಲ್ಲಾ!

"ಆಮೇಲೆ ನಾನು ಕಬ್ಬಿಣ ಮುಟ್ಟಲಿಲ್ಲ. ಒಂದಿನ ಆನ್ಸೆಲ್ ಬೇರೊಂದು ಹಳೇ ದೋಣಿಗೆ ಒಬ್ಬನೇ ಮೊಳೆ ಹೊಡೆಯೋಕೆ ಕೂತ. ಹಾಡುಹಗಲು, ನಾನು ಬಾಗಿಲಲ್ಲೇ ನಿಂತಿದ್ದೆ. ಟಕ್ ಅಂತ ಹೊಡೆದ... ಒಳಗಿಂದ ಟಿಣ್ ಅಂತು! ಮಗುಚಿದ ದೋಣಿಯೊಳಗೆ ಯಾರಿರ್ತಾರೆ ಹೇಳಿ? ಬಗ್ಗಿ ನೋಡಿದ. ಯಾರೂ ಇಲ್ಲ. ಪಕ್ಕೆಲುಬಿನ ಉದ್ದಕ್ಕೂ ನೀರು ತೊಟ್ಟಿಕ್ತಾ ಇದೆ. ಮತ್ತೆ ಹೊಡೆದ, ಮತ್ತೆ ಟಿಣ್. ಕೊಳೆತ ಜಾಗಕ್ಕೆ ಬಂದಾಗ ಮಾತ್ರ ಒಳಗೆ ಗಪ್‌ಚುಪ್. ಆನ್ಸೆಲ್ ಸುತ್ತಿಗೆ ಬಿಸಾಕಿ ಓಡಿದೋನು ತಿರುಗಿ ಬರಲಿಲ್ಲ. ನಾನೂ ಕರೀಲಿಲ್ಲ."

ಮೀನುಗಾರರಲ್ಲಿ ಒಬ್ಬ ನಕ್ಕ. "ಚೆನ್ನಾಗಿ ಹೆದರಿಸ್ತೀಯಜ್ಜಿ! ಹಾಗಾದ್ರೆ ನಿನಗೀಗ ಕಬ್ಬಿಣ ಹಿಡಿಯೋರು ಯಾರು?"

ಆಲ್ವೀನಾ ಎದ್ದು, ಎಲ್ಡನ್‌ನ ದೋಣಿಯ ಬರಿಮೈಗೆ ಒಂದು ಮೊಳೆ ಹೊಡೆದಳು. ಟಕ್. ಒಳಗಿನಿಂದ ಸ್ಪಷ್ಟವಾಗಿ, ಟಿಣ್. ಮಾರ್ನಿ ಗಂಡನ ತೋಳು ಹಿಡಿದಳು. ಇನ್ನೊಂದು ಮೊಳೆ, ಟಿಣ್. ನಡುಭಾಗಕ್ಕೆ ಬಂದು ಮೂರನೆಯದನ್ನು ಹೊಡೆದಳು. ಚಾವಣಿಯ ಮೇಲಿನ ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಅವಳು ಕೊಟ್ಟ ದಬ್ಬಣವನ್ನು ಎಲ್ಡನ್ ಅಲ್ಲಿ ಒತ್ತಿದ. ಬೆಣ್ಣೆಗೆ ಚುಚ್ಚಿದಂತೆ ಹಿಡಿಯವರೆಗೂ ಇಳಿಯಿತು. ಅಂಚಿನಿಂದ ಬಣ್ಣ ಹಚ್ಚಿದ ಪುಟ್ಟಿ ಉದುರಿತು.

"ಮಗು ಕೂರತ್ತೆ ಅಂತ ಅವನಿಗೆ ಗೊತ್ತಿತ್ತು," ಎಂದ ಎಲ್ಡನ್. "ಗೊತ್ತಿದ್ದೂ ಕೊಟ್ಟ."

"ಫೋನ್ ಮಾಡಿ ಬರಹೇಳಯ್ಯಾ ನಿಮ್ಮಣ್ಣನ್ನ," ಎಂದಳು ಆಲ್ವೀನಾ. "ಬರ್ಲಿ, ಇದೇ ದೋಣಿ ಪಕ್ಕ ಕೂತು ಮಾತಾಡ್ಲಿ. ಆದ್ರೆ ಕೊಟ್ಟಿಗೇಲಿ ಮುದುಕಿ ಒಬ್ಬಳೇ ಇರ್ತಾಳೆ ಅಂತ ಮಾತ್ರ ಹೇಳಬೇಡ. ಸುಳ್ಳಾಗತ್ತೆ."