ಬಟನ್ ಒತ್ತಿದ್ದು ಯಾರು

ಇಲ್ಲ ಕಣೇ ಮರ್ನಾ, ಟ್ರೇಲರ್ ಎತ್ತೋ ಈ ಕರೆಂಟ್ ಜಾಕಿನ ವಿಷಯ ಮೊದಲು ನನ್ನ ಕಿವಿಗೆ ಹಾಕಿದ್ದು ಆರ್ಡಿಸ್, ನಿನ್ನ ಗಂಡ ಅಲ್ಲ. ನಿನ್ನ ಡೆಲ್ಬರ್ಟ್ ಈ ಟ್ರೇಲರ್ ಪಾರ್ಕಿಗೆಲ್ಲ ತಾನೇ ಹೇಳಿಕೊಟ್ಟೆ ಅಂತ ಸಾರ್ಕೊಂಡು ಬರ್ತಿದಾನೆ. ಸಾರ್ಲಿ ಬಿಡು, ಅವನ ಬಾಯಿಗೂ ಕೆಲಸ ಬೇಕಲ್ಲ. ಆದ್ರೆ ನಿಜ ಹೇಳ್ಬೇಕು ಅಂದ್ರೆ ಆರ್ಡಿಸ್. ಬಟ್ಟೆ ಒಗೆಯೋ ಕೋಣೇಲಿ ಟವಲ್ ಮಡಿಸ್ತಾ, "ನಿಮ್ಮಲ್ಲಿ ಇನ್ನೂ ಕೈಯಲ್ಲೇ ತಿರುಗಿಸ್ತಾರಾ?" ಅಂದ್ಲು. ನಿಮ್ಮನೇಲಿ ಇನ್ನೂ ಲಾಟೀನು ಹಚ್ತೀರಾ ಅಂತ ಕೇಳೋ ಹಾಗೆ.

ಕೂತ್ಕೋ. ಆ ಕುರ್ಚಿ ಬೇಡ, ಪಟ್ಟಿ ಹರಿದಿದೆ, ನಿನ್ನೆ ಪಾದ್ರಿ ಅದರೊಳಗೆ ಇಳಿದುಹೋಗಿದ್ರು. ಈ ಕಡೆ ನೆರಳಿಗೆ ಬಾ. ಕಾಫಿ ಬಿಸಿ ಇದೆ. ಒಣದ್ರಾಕ್ಷಿ ಕೇಕಿನ ಬಾರ್ ಮಾಡಿದೀನಿ, ತಗೋ. ಮೆಲ್ಲಗೆ ಮಾತಾಡೋಣ, ನಮ್ಮ ನಾರ್ಬರ್ಟ್ ಒಳಗೆ ಮಲಗಿದಾನೆ. ಬೆಳಿಗ್ಗೆ ಆ ಗಲಾಟೆ ಆದ್ಮೇಲೆ ಸುಸ್ತಾಗಿದಾನೆ ಪಾಪ. ನೀನು ಅದನ್ನ ಕೇಳೋಕೇ ಬಂದೆ ಅಂತ ಗೊತ್ತು ನಂಗೆ. ಹೇಳ್ತೀನಿ, ಮೊದಲಿಂದ ಹೇಳ್ತೀನಿ.

ನಗ್ತೀಯಾ? ನಗು, ನಗು. ನಾರ್ಬರ್ಟ್ ಕರೆಂಟ್ ಜಾಕು ಹಾಕಿಸ್ತಾನೆ ಅಂತ ಹೋದ ವರ್ಷ ಯಾರಾದ್ರೂ ಹೇಳಿದ್ರೆ ನಾನೂ ನಗ್ತಿದ್ದೆ. ನೆಬ್ರಾಸ್ಕಾ ಬಿಟ್ಟು ಚಳಿಗಾಲಕ್ಕೆ ಟೆಕ್ಸಾಸಿನ ಈ ತುದಿಗೆ ಬರೋಕೆ ಶುರು ಮಾಡಿದಾಗಿಂದ ನಾವು ವಾಸ ಇರೋ ಈ ಟ್ರೇಲರಿನ ಮೂತೀನ ಕೈಜಾಕು ತಿರುಗಿಸಿಯೇ ಎತ್ತಿದ ಮನುಷ್ಯ. ಬಟನ್ ಒತ್ತೋರನ್ನ ಕಂಡ್ರೆ ಅವನಿಗೆ ಎಂಥ ತಾತ್ಸಾರ ಗೊತ್ತಾ? ಡೆಲ್ಬರ್ಟ್ ತನ್ನ ಹೊಸ ಜಾಕಿಗೆ ದೀಪ ಬೇರೆ ಇದೆ ಅಂತ ತೋರಿಸೋಕೆ ಕರೆದಾಗ, ದೀಪ ಯಾಕಪ್ಪಾ, ನಿನ್ನ ತೋಳು ಎಲ್ಲಿ ಕಳೆದುಹೋಗಿದೆ ಅಂತ ಹುಡುಕೋಕಾ ಅಂತ ಕೇಳಿದ್ನಂತೆ. ನಿಂಗೂ ನೆನಪಿರ್ಬೇಕು. ಡೆಲ್ಬರ್ಟ್ ಆಮೇಲೆ ಎಷ್ಟೋ ದಿನ ಶಫಲ್‌ಬೋರ್ಡ್ ಆಡೋಕೇ ಬರ್ಲಿಲ್ಲ.

ನಮ್ಮ ಗಂಡಸರ ವಿಷಯ ನಿಂಗೆ ನಾನು ಹೇಳ್ಬೇಕಾ. ಮೊಣಕಾಲಿಗೆ ಕಬ್ಬಿಣ, ಎದೆಗೆ ಬ್ಯಾಟರಿ, ಬಾಯಿಗೆ ಗಡಿಯಾಚೆ ಹೋಗಿ ಅಗ್ಗಕ್ಕೆ ಹಾಕಿಸ್ಕೊಂಡು ಬಂದ ಹಲ್ಲು. ಅದೆಲ್ಲ ಇಟ್ಕೊಂಡು, ಟ್ರೇಲರಿಗೆ ಬಟನ್ ಬೇಕು ಅಂದ್ರೆ ಮಾತ್ರ ಮಾನ ಹೋಗತ್ತೆ. ಯಾರಾದ್ರೂ ಹೊಸಬರು ಟ್ರೇಲರ್ ಹಿಂದಕ್ಕೆ ತಗೊಂಡು ನಿಲ್ಸೋಕೆ ಬಂದ್ರೆ ಸಾಕು, ಸಾಲಾಗಿ ಕುರ್ಚಿ ಹಾಕ್ಕೊಂಡು ಕೂರ್ತಾರೆ. ಪಾಪ ಆ ಹೆಂಡತಿ ಹಿಂದೆ ನಿಂತು ಕೈ ಬೀಸ್ತಿರ್ತಾಳೆ, ಗಂಡ ಕನ್ನಡೀಲಿ ಅವಳನ್ನ ಬಿಟ್ಟು ಬೇರೆ ಎಲ್ಲಾನೂ ನೋಡ್ತಿರ್ತಾನೆ. ನಮ್ಮೋರು ಒಬ್ಬೊಬ್ಬರೂ ಎದ್ದು ಹೋಗಿ ಸಲಹೆ ಕೊಡ್ತಾರೆ, ಎಡಕ್ಕೆ ಅಂತ ಒಬ್ಬ, ಬಲಕ್ಕೆ ಅಂತ ಇನ್ನೊಬ್ಬ. ಸಾಯಂಕಾಲದ ಹೊತ್ತಿಗೆ ಆ ಗಂಡ ಹೆಂಡತಿ ಮಾತು ಬಿಟ್ಟಿರ್ತಾರೆ. ಇವರಿಗೆ ಸಿನಿಮಾ ನೋಡಿದಷ್ಟು ತೃಪ್ತಿ.

ಏನು? ಯಾಕೆ ಹಾಕಿಸಿದ್ವಿ ಅಂತಾನಾ? ಭುಜ ಕಣೇ. ನಾರ್ಬರ್ಟ್‌ಗೆ ಭುಜ ಹಿಡ್ಕೊಂಡಿದೆ. ಮೇಲಕ್ಕೆ ಏಳಲ್ಲ.

...ಹೌದು, ಮೊನ್ನೆ ನಿಮ್ಮ ಗ್ಯಾಸ್ ಸಿಲಿಂಡರ್ ಅವನೇ ಹೊತ್ಕೊಂಡು ಬಂದ. ಆ ಭುಜ ಅಲ್ಲ, ಇನ್ನೊಂದು. ಅಲ್ಲ, ನೋಡು, ಅವನ ಭುಜ ಅಷ್ಟೇನೂ ಅಲ್ಲ, ನಿಜವಾಗಿ ನನ್ನ ಮಣಿಕಟ್ಟು. ನಂಗೂ ಒಂದೊಂದ್ಸಲ ತಿರುಗಿಸ್ಬೇಕಾಗತ್ತಲ್ಲ, ನೋವು ಬರತ್ತೆ. ಹಾಗೆ ನೋಡ್ಬೇಡ. ಚಿಲಿ ಸಾರಿನ ಊಟದ ದಿನ ಇಡೀ ಪಾರ್ಕಿಗೆ ದಾಲ್ಚಿನ್ನಿ ರೋಲಿನ ಹಿಟ್ಟು ನಾದಿದೆ, ಗೊತ್ತು. ಅದು ಬೇರೆ, ಹಿಟ್ಟು ಮೆತ್ತಗಿರತ್ತೆ.

ಒಟ್ಟಿನಲ್ಲಿ ಹಾಕಿಸಿದ್ವಿ. ನಾನು ನಾರ್ಬರ್ಟ್‌ಗೆ ನನ್ನ ಮಣಿಕಟ್ಟಿನ ಕಥೇನೇ ಹೇಳಿದ್ದು. ನಿನ್ನ ಕೈಗೋಸ್ಕರ ಆದ್ರೆ ಸರಿ ಅಂದ. ಹೆಂಡತಿಗೋಸ್ಕರ ಅಂದ್ರೆ ಗಂಡಸು ಏನು ಬೇಕಾದ್ರೂ ಹಾಕಿಸ್ಕೋಬಹುದು ನೋಡು, ಮಾನ ಹೋಗಲ್ಲ. ಹಳೇ ಜಾಕು ಬಿಚ್ಚಿದ, ಹೊಸದನ್ನ ಕೂರಿಸಿದ, ತಂತಿ ಎಳೆದ. ಎಲ್ಲ ಅವನೇ ಮಾಡಿದ್ದು. ಡೆಲ್ಬರ್ಟ್ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದ. ಹಗಲು ಹೊತ್ತಲ್ಲಿ.

ಏನು ನೋಡ್ತಿದೀಯ, ಆ ಬಟನ್ನಾ? ಕೆಂಪು ನನ್ನ ಉಗುರು ಬಣ್ಣ ಕಣೇ. ಮೇಲಿನ ಬಟನ್‌ಗೆ ಕೆಂಪು ಬಳಿದೆ, ಕೆಳಗಿನದಕ್ಕೆ ಹಸಿರು. ಸುಮ್ನೆ. ಚೆನ್ನಾಗಿ ಕಾಣ್ಲಿ ಅಂತ. ಹಸಿರು ಉಗುರು ಬಣ್ಣ ಎಲ್ಲಿ ಸಿಕ್ತು ಅಂತ ಕೇಳ್ಬೇಡ, ಆರ್ಡಿಸಳ ಮೊಮ್ಮಗಳು ಬಿಟ್ಟು ಹೋಗಿದ್ದು. ಬಾಣದ ಗುರುತು ಇದೆ, ಆದ್ರೆ ಅದು ಸಣ್ಣದು. ಬಿಸಿಲಿಗೆ ಕಾಣಲ್ಲ. ಯಾರಿಗೂ ಕಾಣಲ್ಲ.

ಇರ್ಲಿ. ಬೆಳಿಗ್ಗೆ ಏನಾಯ್ತು ಅಂದ್ರೆ, ಟ್ರೇಲರಿಗೆ ಹೊಸ ಟೈರ್ ಹಾಕಿಸ್ಕೊಂಡು ಪೇಟೆಯಿಂದ ವಾಪಸ್ ಬಂದ್ವಿ. ಊರಿಗೆ ಹೊರಡೋ ಕಾಲ ಹತ್ರ ಬಂತಲ್ಲ. ಹೌದು, ಅದನ್ನ ಎಳೆಯೋ ಟ್ರಕ್ಕು ನಾನೇ ಓಡಿಸ್ತಿದ್ದೆ. ಸುಮ್ನೆ, ಒಂದು ಬದಲಾವಣೆಗೆ. ಕಾಫಿ ಕುಡಿದು ಎಲ್ಲರೂ ಬರ್ತೀವಿ, ನಾರ್ಬರ್ಟ್ ಬಟನ್ ಒತ್ತೋದನ್ನ ಕಣ್ಣಾರೆ ನೋಡ್ಬೇಕು ಅಂತ ಡೆಲ್ಬರ್ಟ್ ಗುಂಪು ಕಟ್ಟಿದ್ದ. ಉದ್ಘಾಟನೆ. ರಿಬ್ಬನ್ ಒಂದು ಬಾಕಿ. ಆದ್ರೆ ಅವರು ಬರೋದ್ರೊಳಗೆ ಇವನು ಶುರು ಮಾಡ್ಬಿಟ್ಟ.

ನೀನು ಜಾಕಿನ ಹತ್ರ ಸುಳಿಯಲ್ಲ, ಅದಕ್ಕೆ ಹೇಳ್ತೀನಿ ಕೇಳು. ಬಂದು ನಿಂತ ಮೇಲೆ ಮೊದಲು ಟ್ರಕ್ಕಿಗೆ ಹಾಕಿರೋ ಕೊಂಡಿ ಬಿಚ್ಬೇಕು. ಆಮೇಲೆ ಜಾಕಿನ ಕಾಲು ಇಳಿಸಿ ಟ್ರೇಲರಿನ ಮೂತಿ ಎತ್ತಿದ್ರೆ ಅದು ಟ್ರಕ್ಕಿನ ಹಿಂದಿರೋ ಕಬ್ಬಿಣದ ಗುಂಡಿನಿಂದ ಬಿಟ್ಕೊಂಡು ಬರತ್ತೆ. ಕೊಂಡಿ ಬಿಚ್ಚದೆ ಎತ್ತಿದ್ರೆ? ಟ್ರೇಲರ್ ಜೊತೆಗೆ ಟ್ರಕ್ಕೂ ಏಳತ್ತೆ. ಕೈಜಾಕಲ್ಲಿ ಈ ಎಡವಟ್ಟು ಆಗೋದೇ ಇಲ್ಲ. ಒಂದೆರಡು ಸುತ್ತಿಗೇ ಕೈಗೆ ಗೊತ್ತಾಗತ್ತೆ, ಏನೋ ಹಿಡ್ಕೊಂಡಿದೆ, ಭಾರ ಜಾಸ್ತಿ ಇದೆ ಅಂತ. ಕರೆಂಟಿಗೆ ಭಾರಾನೂ ಇಲ್ಲ, ಬುದ್ಧೀನೂ ಇಲ್ಲ. ಎತ್ತು ಅಂದ್ರೆ ಪಾರ್ಕಿನ ಆಫೀಸನ್ನೂ ಎತ್ತತ್ತೆ.

ಕೊಂಡಿ ಹಾಗೇ ಇತ್ತು, ಎತ್ತಿದ್ದೇ ಎತ್ತಿದ್ದು. ಗುಯ್ ಅಂತ ಸದ್ದು. ಟ್ರಕ್ಕಿನ ಹಿಂಭಾಗ ಮೆಲ್ಲಗೆ ಏಳ್ತಾ ಹೋಯ್ತು, ಹಸು ಹಿಂಗಾಲಿಂದ ಮೇಲೇಳತ್ತಲ್ಲ, ಹಾಗೆ. ಡ್ಯಾಶ್‌ಬೋರ್ಡ್ ಮೇಲಿದ್ದ ನನ್ನ ಕನ್ನಡಕ ಮುಂದಕ್ಕೆ ಜಾರಿ ಗಾಜಿಗೆ ಬಡೀತು. ಸದ್ದಿಗೆ ಡೆಲ್ಬರ್ಟ್ ಕಡೆಯೋರು ಕಾಫಿ ಲೋಟ ಹಿಡ್ಕೊಂಡೇ ಓಡಿ ಬಂದ್ರು. ನಿಲ್ಸು, ನಿಲ್ಸು ಅಂತ ಕೂಗು. ಅಷ್ಟರಲ್ಲಿ ನಿಂತಿತ್ತು ಬಿಡು. ಬಟನ್ ಸಿಕ್ಕಿಹಾಕ್ಕೊಂಡಿತ್ತು. ಹೊಸದಲ್ವಾ, ಗಟ್ಟಿ. ಒಳಗೇ ಕೂತ್ಬಿಟ್ಟಿತ್ತು.

ಆಗ ನಾರ್ಬರ್ಟ್ ಏನಂದ ಗೊತ್ತಾ? ಇಡೀ ಪಾರ್ಕು ನಗ್ತಿದೆ ಅದಕ್ಕೆ. ಡೆಲ್ಬರ್ಟ್ ಅಂತೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕ. ಟ್ರಕ್ಕು ಅಂಡು ಎತ್ಕೊಂಡು ನಿಂತಿದೆ, ಗಂಡಸರು ಸುತ್ತ ಸೇರಿದಾರೆ, ಇವನು ನನ್ನ ಕಡೆ ತಿರುಗಿ ಕೇಳ್ತಾನೆ, "ಲವೋನ್, ನಾವು ಬಂದ್ವಾ, ಹೊರಟ್ವಾ?"

ಬಂದ್ವಾ, ಹೊರಟ್ವಾ... ಎಂಥ ಹೊತ್ತಲ್ಲಿ ಎಂಥ ಮಾತು ನೋಡು. ನಾರ್ಬರ್ಟ್‌ದು ಮೊದಲಿಂದಲೂ ಇದೇ, ಮುಖ ಸ್ವಲ್ಪಾನೂ ಅಲ್ಲಾಡಲ್ಲ, ತಮಾಷೆ ಮಾಡ್ತಿದಾನೆ ಅಂತ ಗೊತ್ತೇ ಆಗಲ್ಲ. ಆಫೀಸಿನವಳು ಅದನ್ನ ಬೋರ್ಡಿಗೆ ಬರೆದು ಹಾಕ್ತೀನಿ ಅಂದ್ಲಂತೆ.

ಯಾಕೆ ನೀನು ನಗ್ಲಿಲ್ಲ?

ಕಾಫಿ ಆರ್ತಿದೆ, ಕುಡಿ. ಬಾರ್ ಸಿಹಿ ಜಾಸ್ತಿ ಆಯ್ತಾ? ಮರ್ನಾ, ನೀನು ಬಂದಾಗಿಂದ ನೋಡ್ತಾ ಇದೀನಿ, ಮೊದಲು ಸ್ವಲ್ಪ ನಕ್ಕೆ, ಆಮೇಲೆ ಸುಮ್ನೆ ನಮ್ಮ ಜಾಕನ್ನೇ ನೋಡ್ತಾ ಕೂತೆ. ನಿಮ್ಮ ಅಡುಗೆಮನೆ ಕಿಟಕಿಯಿಂದ ಇದು ನೇರ ಕಾಣತ್ತೆ, ಅಲ್ವಾ?

ಪರದೆ ಸರಿಸಿತ್ತಾ ಬೆಳಿಗ್ಗೆ?

ಸರಿ.

ಸರಿ, ಬಟನ್ ಸಿಕ್ಕಿಹಾಕ್ಕೊಳ್ಳಲಿಲ್ಲ. ನೀನು ನೋಡಿದೀಯ. ಒತ್ತಿ ಹಿಡ್ಕೊಂಡೇ ಇದ್ದ. ಟ್ರಕ್ಕು ಏಳೋದನ್ನ ನೋಡ್ತಾನೇ ಇದ್ದ, ಬೇರೆ ಯಾರದೋ ಟ್ರಕ್ಕು ಏನೋ ಅನ್ನೋ ಹಾಗೆ. ನಾನು ಓಡಿ ಹೋಗಿ ಅವನ ಬೆರಳು ಬಿಡಿಸಿದೆ. ಗಂಡಸರು ಬಂದಾಗ ಬಟನ್ ಮೇಲೆ ನನ್ನ ಕೈ ಇತ್ತು. ಅವರು ಕಂಡಿದ್ದು ಅಷ್ಟೇ. ಅದಕ್ಕೆ ಮುಂಚಿನದು ನೋಡಿದ್ದು ನೀನೊಬ್ಬಳೇ.

ಈ ಸಲ ಇಲ್ಲಿಗೆ ಬರ್ತಾ ಓಕ್ಲಹೋಮಾದಲ್ಲಿ ರಾತ್ರಿ ತಂಗಿದ್ವಿ. ಕೈಜಾಕು ತಿರುಗಿಸ್ತಿದ್ದ. ಮೂತಿ ಅರ್ಧ ಎತ್ತಿದ, ನಿಂತ. ಆಮೇಲೆ ಇಳಿಸಿದ. ಮತ್ತೆ ಎತ್ತಿದ. ಬೆವರು ಇಳೀತಿತ್ತು. ಏನಾಯ್ತು ಅಂದ್ರೆ ಏನಿಲ್ಲ ಅಂದ. ಮತ್ತೆ ಇಳಿಸಿದ. ನನಗೆ ಅನ್ನಿಸ್ತು, ಒಂದು ಬಟನ್ ಇದ್ರೆ, ಮೇಲಕ್ಕೆ ಒಂದು ಬಣ್ಣ, ಕೆಳಕ್ಕೆ ಒಂದು ಬಣ್ಣ ಇದ್ರೆ... ಅಷ್ಟು ಮಾತ್ರ ಯೋಚಿಸಿದೆ. ಅವನ ತಲೆ ಮರೆತಿದ್ದನ್ನ ಕೈ ಇನ್ನೂ ಮರೆತಿರ್ಲಿಲ್ಲ ಅಂತ ನಂಗೆ ಹೊಳೀಲಿಲ್ಲ.

ಬೇಡ, ಭುಜ ಸವರ್ಬೇಡ, ಅತ್ತುಬಿಡ್ತೀನಿ. ಕಿಟಕಿ ತೆರೆದಿದೆ, ಕೇಳಿಸತ್ತೆ ಅವನಿಗೆ.

ಡಾಕ್ಟರಾ? ಊರಿಗೆ ಹೋದ ಮೇಲೆ. ಫೋನಲ್ಲಿ ಹೇಳಿದೀನಿ, ಅವರಿಗೆ ಗೊತ್ತು. ಮಗಳಿಗೂ ನಾನೇ ಹೇಳ್ತೀನಿ, ಎದುರಿಗೆ ಕೂರಿಸ್ಕೊಂಡು. ಆದ್ರೆ ಇಲ್ಲಿ, ಈ ಪಾರ್ಕಲ್ಲಿ... ಹೀಗೇ ಮರೆವು ಶುರುವಾದಾಗ ಎವಾಲ್ಡ್‌ಗೆ ಏನು ಮಾಡಿದ್ರು ನೋಡಿದ್ಯಲ್ಲ. ಯಾರೂ ಕೆಟ್ಟದ್ದು ಮಾಡ್ಲಿಲ್ಲ. ಅದೇ ಹೆದರಿಕೆ. ಅವನ ಹತ್ರ ಎಲ್ಲರೂ ಜೋರಾಗಿ, ನಿಧಾನಕ್ಕೆ ಮಾತಾಡೋಕೆ ಶುರು ಮಾಡಿದ್ರು, ಕಿವಿ ನೆಟ್ಟಗಿದ್ದ ಮನುಷ್ಯನ ಹತ್ರ. ಶಫಲ್‌ಬೋರ್ಡ್ ತಂಡದಿಂದ ತೆಗೆದು ಅಂಕ ಬರೆಯೋಕೆ ಕೂರಿಸಿದ್ರು. ಅಂಕ ತಪ್ಪಾಯ್ತು ಅಂತ ಗೌರವ ಅಧ್ಯಕ್ಷ ಮಾಡಿದ್ರು. ಒಂದು ಕುರ್ಚಿ, ಕುರ್ಚಿಗೆ ಹೆಸರು. ಮುಂದಿನ ಚಳಿಗಾಲ ಅವನು ಬರ್ಲೇ ಇಲ್ಲ. ನಾರ್ಬರ್ಟ್ ಊರಲ್ಲಿ ಹೇಗಿರ್ತಾನೆ ಗೊತ್ತಾ ನಿಂಗೆ? ಕಿಟಕಿ ಹತ್ರ ಕೂತಿರ್ತಾನೆ. ಇಲ್ಲಿಗೆ ಬಂದ್ರೆ ಮನುಷ್ಯ ಆಗ್ತಾನೆ. ಬೆಳಿಗ್ಗೆ ಎದ್ದು ಶೂ ಹಾಕ್ಕೊಳ್ಳೋಕೆ ಒಂದು ಕಾರಣ ಇರತ್ತೆ. ಇನ್ನೊಂದು ಚಳಿಗಾಲ ಸಿಕ್ರೆ ಸಾಕು ನಂಗೆ. ಅದಕ್ಕಿಂತ ಹೆಚ್ಚು ಕೇಳ್ತಿಲ್ಲ.

ವಾಪಸ್ ಹೋಗೋ ದಾರೀಲಿ ಓಡಿಸೋದಾ? ಇಲ್ಲ, ಅವನಲ್ಲ. ದೇವರಾಣೆ ಅವನ ಕೈಗೆ ಕೊಡಲ್ಲ. ಬೆಳಿಗ್ಗೆ ಯಾರು ಓಡಿಸ್ಕೊಂಡು ಬಂದ್ರು ನೋಡಿದ್ಯಲ್ಲ? ಚರ್ಚಿನ ಹಿಂದೆ ಖಾಲಿ ಜಾಗ ಇದೆ, ದಿನಾ ಅಲ್ಲಿಗೆ ಹೋಗಿ ಟ್ರಕ್ಕು ತಿರುಗಿಸಿ ಅಭ್ಯಾಸ ಮಾಡ್ತಿದೀನಿ. ಪಾದ್ರಿ ನಾನು ಪ್ರಾರ್ಥನೆಗೆ ಬರ್ತೀನಿ ಅಂದ್ಕೊಂಡಿದಾರೆ. ಒಂದು ರೀತಿ ಅದೂ ಹೌದು. ನಂಗೆ ಕಲೀಬೇಕು ಅಂತ ಆಸೆ, ಕಲಿಸಿಕೊಡು ಅಂತ ನಾರ್ಬರ್ಟ್‌ಗೆ ಹೇಳಿದೀನಿ. ಪಕ್ಕದಲ್ಲಿ ಕೂತು ಗದರಿಸ್ತಾನೆ. ಗದರಿಸೋವಾಗ ಎಲ್ಲ ನೆನಪಿರತ್ತೆ ಅವನಿಗೆ, ಆಶ್ಚರ್ಯ ಆಗತ್ತೆ.

ಅದಕ್ಕೇ ಕೇಳ್ತಿದೀನಿ ಮರ್ನಾ. ಇವತ್ತು ಸಂಜೆ ಎಲ್ಲರೂ ಊಟಕ್ಕೆ ಸೇರ್ತಾರೆ, ಈ ಮಾತು ಬರತ್ತೆ. ನಾರ್ಬರ್ಟ್‌ನಂಥೋನು ಕೊಂಡಿ ಬಿಚ್ಚೋದು ಹೇಗೆ ಮರೆತ ಅಂತ ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ. ಈಗ ನಗ್ತಿದಾರೆ, ಕೈತೊಳೆಯೋ ಹೊತ್ತಿಗೆ ಯೋಚಿಸೋಕೆ ಶುರು ಮಾಡ್ತಾರೆ. ಅದಕ್ಕೆ ಮುಂಚೆ ಡೆಲ್ಬರ್ಟ್ ಕಿವಿಗೆ ಹಾಕು. ನಾನು ಕಿಟಕಿಯಿಂದ ಕಣ್ಣಾರೆ ನೋಡಿದೆ, ಬಟನ್ ಒತ್ತಿದ್ದು ಲವೋನ್ ಅಂತ ಹೇಳು. ಗಂಡ ಬೇಡ ಬೇಡ ಅಂದ್ರೂ ಕೇಳದೆ ಒತ್ತಿದ್ಲು ಅನ್ನು.

ಸುಳ್ಳು ಹೇಳೋಕೆ ಕಷ್ಟ ಆಗತ್ತಾ? ಮುಖ ಹಾಗೆ ಮಾಡ್ಬೇಡ, ನಂಗೂ ಆಗತ್ತೆ. ಆದ್ರೆ ಇದು ಕಷ್ಟದ ಸುಳ್ಳಲ್ಲ ಕಣೇ. ಹೆಂಗಸು ಜಾಕು ಮುಟ್ಟಿದ್ಲು ಅಂದ್ರೆ ಸಾಕು, ಈ ಪಾರ್ಕಲ್ಲಿ ಒಬ್ಬ ಗಂಡಸೂ ಎರಡನೇ ಪ್ರಶ್ನೆ ಕೇಳಲ್ಲ. ನಿನ್ನ ಗಂಡ ಅಂತೂ ಕುರ್ಚಿ ಎಳ್ಕೊಂಡು, ತಾನೇ ಪಕ್ಕದಲ್ಲಿ ನಿಂತು ನೋಡಿದ ಹಾಗೆ ಹೇಳ್ತಾನೆ.

ಹೋಗು, ಅವನು ಶಫಲ್‌ಬೋರ್ಡ್ ಹತ್ರ ಇರ್ತಾನೆ. ಹೇಳ್ಬಿಡು.